ನಂಬರ್ ಹೊಂದಿಕೆಯಾದ ಮಾತ್ರಕ್ಕೆ ಬ್ಯಾರೆಲ್ ಮೂಲದ್ದಾಗುವುದಿಲ್ಲ

ಗ್ರಾಹಕ ವಿಭಾಗದವರಿಗೆ,

ವಿಷಯ: "ಮೂಲ ಬ್ಯಾರೆಲ್" ಎಂದು ಹೇಳಿ ಬದಲಿ ಬ್ಯಾರೆಲ್ ಇರುವ 1917ರ ರೈಫಲ್ ಮಾರಿದ್ದು

ನಮಸ್ಕಾರ,

ಹೋದ ವಾರ ನಿಮ್ಮಿಂದ ಒಂದು ಲೀ-ಎನ್‌ಫೀಲ್ಡ್ ರೈಫಲ್ ತೆಗೆದುಕೊಂಡೆ. ನಂಬರ್ ಒನ್ ಮಾರ್ಕ್ ತ್ರೀ ಸ್ಟಾರ್ ಮಾದರಿ, 1917ರದ್ದು. "ಎಲ್ಲ ನಂಬರ್ ಹೊಂದುತ್ತವೆ, ಕಾರ್ಖಾನೆಯ ಮೂಲ ಬ್ಯಾರೆಲ್" ಅಂತ ನೀವೇ ಜಾಹೀರಾತಿನಲ್ಲಿ ಬರೆದಿದ್ದಿರಿ, ಅಂದರೆ ಎಲ್ಲ ಭಾಗಗಳ ಮೇಲೂ ಒಂದೇ ಸೀರಿಯಲ್ ನಂಬರ್ ಅಂತ. ಮೂಲ ಬ್ಯಾರೆಲ್ ಅನ್ನುವ ಆ ಎರಡು ಪದಕ್ಕೇ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು. ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಮನೆ ಹತ್ತಿರದ ಲೈಸೆನ್ಸ್ ಇರುವ ಅಂಗಡಿಗೆ ಅದು ಬಂತು, ಕಾಗದಪತ್ರ ಮುಗಿಸಿ ಮನೆಗೆ ತಂದು, ದೀಪದ ಕೆಳಗೆ ಇಟ್ಟು ನೋಡಿದ ಹತ್ತೇ ನಿಮಿಷಕ್ಕೆ ಗೊತ್ತಾಯಿತು, ಈ ಬ್ಯಾರೆಲ್ 1917ರದ್ದಲ್ಲ.

ಹಿಂದಿನ ಮರದ ಹಿಡಿ ಬಂದು ಕೂರುತ್ತದಲ್ಲ, ಆ ಬಟ್ ಸಾಕೆಟ್ ಮೇಲೆ ಬಲಗಡೆ ಕಿರೀಟ, ರಾಜ ಜಾರ್ಜ್‌ನ ಗುರುತಾದ ಜಿ ಆರ್, ಕಾರ್ಖಾನೆಯ ಹೆಸರು ಎನ್‌ಫೀಲ್ಡ್, 1917 ಎಲ್ಲಾ ಸರಿಯಾಗಿಯೇ ಇದೆ. ಆದರೆ ಬ್ಯಾರೆಲ್‌ನ ಬುಡದಲ್ಲಿರುವ ದಪ್ಪ ಭಾಗ, ಅದೇ ನಾಕ್ಸ್ ಫಾರ್ಮ್, ಅದರ ಎಡಗಡೆ ಗ್ರೀಸ್ ಒರೆಸಿದರೆ ಕಾಣುವುದು '41. ಅಂದರೆ 1941. ಬ್ಯಾರೆಲ್ ಮೊದಲೇ ಮಾಡಿಟ್ಟಿದ್ದು ಆಮೇಲೆ ಜೋಡಿಸಿದ್ದರೆ 1917ರ ರೈಫಲ್‌ನಲ್ಲಿ '16 ಅಂತ ಇರಬಹುದು, ಅದನ್ನು ನಾನು ಒಪ್ಪುತ್ತೇನೆ. 24 ವರ್ಷ ಆಮೇಲಿನ ಬ್ಯಾರೆಲ್ ಕಾರ್ಖಾನೆಯಿಂದಲೇ ಬಂದದ್ದು ಹೇಗಾಗುತ್ತದೆ?

ನಿಮ್ಮ ಮೂರು ದಿನದ ಪರಿಶೀಲನೆ ಅವಧಿಯೊಳಗೇ, ಎರಡನೇ ದಿನ ಮೇಲ್ ಮಾಡಿದೆ. ನಿಮ್ಮ ಉತ್ತರ ಒಂದೇ ಸಾಲು: ಸೀರಿಯಲ್ ನಂಬರ್ ಹೊಂದುತ್ತದೆ, ಹಾಗಾಗಿ ಬ್ಯಾರೆಲ್ ಮೂಲದ್ದೇ. ಆ ಉತ್ತರ ಓದಿದ ಮೇಲೆಯೇ ಈ ಪತ್ರ ಬರೆಯಲು ಕೂತಿದ್ದು. ಹಳೆಯ ಮಿಲಿಟರಿ ಬಂದೂಕು ಮಾರುವವರು ಹೀಗೆ ಹೇಳಬಾರದು. ಸೈನ್ಯದಲ್ಲಿ ಬ್ಯಾರೆಲ್ ಸವೆದರೆ ಬದಲಾಯಿಸುತ್ತಿದ್ದರು, ಹೊಸ ಬ್ಯಾರೆಲ್ ಕೂರಿಸಿದ ಮೇಲೆ ಅದೇ ರೈಫಲ್‌ನ ನಂಬರನ್ನು ಅದರ ಮೇಲೂ ಹೊಡೆಯುತ್ತಿದ್ದರು. ಹಾಗಾಗಿ ಹೊಂದುವ ನಂಬರ್ ಹೇಳುವುದು ಇಷ್ಟೇ, ಈ ಬ್ಯಾರೆಲ್ ಈ ರೈಫಲ್‌ಗೆ ಸೇರಿದ್ದು. ಬ್ಯಾರೆಲ್ ಯಾವಾಗ ಮಾಡಿದ್ದು ಅನ್ನುವುದನ್ನು ಹೇಳುವುದು ತಾರೀಕು. ನಂಬರ್‌ನ ಅಕ್ಷರಗಳನ್ನೇ ನೋಡಿ. ಬ್ಯಾರೆಲ್ ಬಂದು ಕೂರುವ ರಿಸೀವರ್ ಮೇಲೆ, ತೋಟಾವನ್ನು ಒಳಗೆ ತಳ್ಳುವ ಬೋಲ್ಟ್‌ನ ಹಿಡಿಯ ಹಿಂದೆ, ಗುರಿ ನೋಡುವ ಹಿಂದಿನ ಸೈಟ್‌ನ ಎಲೆಯ ಅಡಿಯಲ್ಲಿ ಇರುವ 4ರ ತಲೆ ಮುಚ್ಚಿದೆ. ಬ್ಯಾರೆಲ್ ಮೇಲಿನ 4ರ ತಲೆ ತೆರೆದಿದೆ, ಸಾಲೂ ಸ್ವಲ್ಪ ಸೊಟ್ಟ. ಬೇರೆ ಅಚ್ಚು, ಬೇರೆ ಕೈ.

ಒಳಗಡೆ ನೋಡಿದರೂ ಇದೇ ಕಥೆ. ಗುಂಡನ್ನು ತಿರುಗಿಸಲು ಬ್ಯಾರೆಲ್ ಒಳಗೆ ಕೊರೆದ ಐದು ಗೆರೆಗಳೂ ಎಡಕ್ಕೆ ತಿರುಗಿಕೊಂಡು ಚೂಪಾಗಿ, ಫಳಫಳ ಅಂತಿವೆ. ನೀವು ಇದನ್ನು ದೊಡ್ಡ ಗುಣ ಅಂತ ಬರೆದಿದ್ದೀರಿ. ಹೊಡೆಯುವವರಿಗೆ ಗುಣವೇ. ಆದರೆ ಹೊರಗಡೆ ಬೋಲ್ಟ್, ರಿಸೀವರ್ ಎಲ್ಲಾ ಅಷ್ಟು ಸವೆದಿರುವಾಗ ಬ್ಯಾರೆಲ್ ಮಾತ್ರ ಹೊಸದರ ಹಾಗಿದ್ದರೆ ಅನುಮಾನ ಬರಬೇಕು ಅಲ್ವಾ? ಆಗಿನ .303 ತೋಟಾಗಳಲ್ಲಿ ಇದ್ದದ್ದು ಕಾರ್ಡೈಟ್ ಅನ್ನುವ ಮದ್ದು, ಅದು ತುಂಬಾ ಬಿಸಿಯಾಗಿ ಉರಿದು ಬ್ಯಾರೆಲ್‌ನ ಗಂಟಲನ್ನೇ, ಅಂದರೆ ತೋಟಾ ಕೂರುವ ಜಾಗದ ಮುಂದಿನ ಭಾಗವನ್ನೇ, ತಿನ್ನುತ್ತದೆ. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಬಿಡುವ ಉಪ್ಪನ್ನು ಬಿಸಿನೀರು ಹುಯ್ದು ತೊಳೆಯದಿದ್ದರೆ ಒಳಗೆಲ್ಲ ತುಕ್ಕು. ನಮ್ಮಪ್ಪ ಹಾಸನದ ಕಡೆ ಪೊಲೀಸ್ ಪೇದೆಯಾಗಿದ್ದರು, ಅವರ ಕೈಯಲ್ಲಿ ಇದ್ದದ್ದೂ ಇದೇ ತ್ರೀ ನಾಟ್ ತ್ರೀ. ಹಗ್ಗಕ್ಕೆ ಚಿಂದಿ ಕಟ್ಟಿ ನಳಿಗೆಯಲ್ಲಿ ಎಳೆಯುವುದನ್ನು ಅವರು ಕೈಸನ್ನೆ ಮಾಡಿ ತೋರಿಸುತ್ತಿದ್ದರು. ಈ ರೈಫಲ್ ಬೇಕು ಅನ್ನಿಸಿದ್ದೇ ಅದಕ್ಕೆ.

ಇನ್ನೊಂದು ವಿಷಯ ನಿಮ್ಮ ಜಾಹೀರಾತಿನಲ್ಲಿ ಇಲ್ಲವೇ ಇಲ್ಲ. ಮುಂದಿನ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಇದೆ. ಭಾರತದಲ್ಲಿ ಬಳಸಿದ ಇಂಥ ರೈಫಲ್‌ಗಳಲ್ಲಿ ಮರ ಸೀಳದಿರಲಿ ಅಂತ ಹಾಕುತ್ತಿದ್ದ ಸ್ಕ್ರೂ ಅದು, ಕೋಲ್ಕತ್ತಾ ಹತ್ತಿರದ ಇಷಾಪುರ ಕಾರ್ಖಾನೆಯ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಅಂದರೆ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ರೈಫಲ್ ನಮ್ಮ ದೇಶಕ್ಕೂ ಬಂದು ದುಡಿದಿದೆ. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಬದಲಿ ಬ್ಯಾರೆಲ್ ಬಗ್ಗೆ ನನಗೆ ಸಿಟ್ಟಿಲ್ಲ, ಅದೂ ಆ ರೈಫಲ್‌ನ ಬಾಳಿನ ಒಂದು ಭಾಗವೇ. ಇದ್ದದ್ದನ್ನು ಇದ್ದ ಹಾಗೆ ಬರೆದು ಅದಕ್ಕೆ ತಕ್ಕ ಬೆಲೆ ಹಾಕಿದ್ದರೆ ಸುಮ್ನೆ ಕೊಂಡುಕೊಳ್ಳುತ್ತಿದ್ದೆ. ನೀವು ಹಾಗೆ ಮಾಡಲಿಲ್ಲ. 14 ಫೋಟೋ ಹಾಕಿದ್ದೀರಿ, ಬಟ್ ಸಾಕೆಟ್‌ದೇ ಮೂರಿವೆ, ಬ್ಯಾರೆಲ್ ಬುಡದ ಎಡಗಡೆಯದು ಒಂದೂ ಇಲ್ಲ. ಬೇಕಂತಲೇ ಬಿಟ್ಟಿರೋ, ಯಾರೂ ನೋಡಲೇ ಇಲ್ಲವೋ, ಎರಡರಲ್ಲಿ ಯಾವುದಾದರೂ ತಪ್ಪು ನಿಮ್ಮದೇ.

ನನಗೆ ಬೇಕಾದದ್ದು ಇಷ್ಟು. ಇದೇ ಮಾದರಿಯ ಬ್ಯಾರೆಲ್ ಬದಲಾದ ರೈಫಲನ್ನು ನಿಮ್ಮದೇ ಅಂಗಡಿಯಲ್ಲಿ 250 ಡಾಲರ್ ಕಡಿಮೆಗೆ ಇಟ್ಟಿದ್ದೀರಿ. ಆ 250 ಡಾಲರ್ ವಾಪಸ್ ಕೊಡಿ, ರೈಫಲ್ ನಾನೇ ಇಟ್ಟುಕೊಳ್ಳುತ್ತೇನೆ. ಅದು ಆಗುವುದಿಲ್ಲ ಅಂದರೆ ಪೂರ್ತಿ ಹಣ, ಎರಡೂ ಕಡೆಯ ಸಾಗಣೆ ಖರ್ಚು, ಇಲ್ಲಿನ ಅಂಗಡಿಗೆ ನಾನು ಕಟ್ಟಿದ ಶುಲ್ಕ ಎಲ್ಲಾ ಸೇರಿಸಿ ಕೊಟ್ಟು ವಾಪಸ್ ತೆಗೆದುಕೊಳ್ಳಿ. ಹಾಗೆ ತೆಗೆದುಕೊಂಡರೆ ಇನ್ನೊಬ್ಬರಿಗೆ ಮಾರುವಾಗ '41 ಅನ್ನುವುದನ್ನು ಜಾಹೀರಾತಿನಲ್ಲೇ ಬರೆಯಿರಿ.

ನಾಕ್ಸ್ ಫಾರ್ಮ್‌ನ ಎಡಗಡೆ, ಎರಡು ಥರದ 4, ಅಡ್ಡ ಸ್ಕ್ರೂ, ಎಲ್ಲದರ ಫೋಟೋ ಜೊತೆಗೆ ಕಳಿಸಿದ್ದೇನೆ. ಪರಿಶೀಲನೆ ಮುಗಿಯುವವರೆಗೆ ಗುಂಡು ಹಾರಿಸಬಾರದು ಅನ್ನುವ ನಿಮ್ಮ ನಿಯಮವನ್ನೂ ಮುರಿದಿಲ್ಲ, ಒಂದೂ ತೋಟಾ ಹಾಕಿಲ್ಲ. ಹತ್ತು ದಿನದೊಳಗೆ ಉತ್ತರ ಬರದಿದ್ದರೆ ಕಾರ್ಡ್ ಕಂಪನಿಗೆ ಇದೇ ಫೋಟೋಗಳ ಜೊತೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ