ವೆಲ್ಡಿಂಗ್ ಅಣ್ಣನಿಗೆ, ಬ್ಲೇಡಿನ ಬಾಕಿ ಸಹಿತ

ಮುಳಬಾಗಿಲು ಕಡೆಯ ನಮ್ಮ ಬಂಡೆಗವಿಗೆ ಜನ ನುಗ್ಗದಂತೆ ಬೇಲಿ ಹಾಕಿ ಒಂದು ವರ್ಷವಾಯಿತು. ಬಾವಲಿಗಳು ಈ ಸಲವೂ ಅಲ್ಲೇ ಮರಿ ಹಾಕಿವೆ. ಅರ್ಜಿ, ಅಲೆದಾಟ, ಜಾಗದ ತಕರಾರು ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಗವಿ ಎಲ್ಲಿದೆ ಎಂದೂ ಬರೆಯುವುದಿಲ್ಲ. ಬರೆದರೆ ಬರುವ ಭಾನುವಾರವೇ ಮೊಬೈಲ್ ಟಾರ್ಚ್‌ಗಳ ಮೆರವಣಿಗೆ ಶುರುವಾಗುತ್ತದೆ.

ಪಂಚಾಯ್ತಿಯವರಿಗೆ, ಅರಣ್ಯ ಇಲಾಖೆಯ ಗಾರ್ಡ್‌ಗೆ, ಜೇನು ಕೀಳಲು ಗವಿ ಬಾಯಲ್ಲಿ ಹೊಗೆ ಹಾಕುವವರನ್ನು ಬೈದು ಓಡಿಸಿದ ಕುರಿ ಕಾಯುವ ಅಜ್ಜನಿಗೆ, ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಬಂದು ಗವಿ ಬಾಯಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ಕೂತು, ಹೊರಬಂದ ಬಾವಲಿಗಳಲ್ಲಿ ವಾಪಸ್ ಹೋದವನ್ನು ಕಳೆದು ಲೆಕ್ಕ ಬರೆದ ಕಾಲೇಜು ಹುಡುಗರಿಗೆ ನಮಸ್ಕಾರ.

ಉಳಿದದ್ದೆಲ್ಲ ವೆಲ್ಡಿಂಗ್ ಅಣ್ಣನಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮೊದಲು ಹಾಕಿಸಿದ್ದು ಬೇಲಿಯಲ್ಲ, ಗೇಟು. ಅಮೆರಿಕದ ಪಾಳು ಗಣಿಗಳಿಗೆ ಹಾಕುವ ಅಳತೆಯನ್ನೇ ಕೊಟ್ಟಿದ್ದೆವು: ಅಡ್ಡ ಪೈಪು, ನಡುವೆ 146 ಮಿಲಿಮೀಟರ್ ಸಂದು. ಮನುಷ್ಯ ನುಸುಳಲಾರ, ಬಾವಲಿ ನುಸುಳುತ್ತದೆ ಅನ್ನುವ ಲೆಕ್ಕ. ಆದರೆ ಬಾಯಿ ಕಿರಿದಾಗಿ ಒಳಗೆ ಮರಿ ಹಾಕುವ ದೊಡ್ಡ ಗುಂಪಿದ್ದರೆ ಆ ಲೆಕ್ಕ ಕೈಕೊಡುತ್ತದೆ. ಮುಂದಿನದು ಪೈಪಿನ ಹತ್ತಿರ ವೇಗ ತಗ್ಗಿಸುತ್ತದೆ, ಹಿಂದಿನವು ಒತ್ತುತ್ತವೆ, ಎಲ್ಲವೂ ಒಳಕ್ಕೆ ತಿರುಗಿ ಗಿರಕಿ ಹೊಡೆಯುತ್ತವೆ. ಎದೆಗೆ ಕಚ್ಚಿಕೊಂಡ ಮರಿ ಆ ಗಲಾಟೆಯಲ್ಲಿ ಉದುರುತ್ತದೆ. ಈ ಜಾತಿಗಳು ಹಾಕುವುದು ವರ್ಷಕ್ಕೆ ಒಂದೇ ಮರಿ.

ಮೊದಲ ರಾತ್ರಿಯೇ ಹಾಗಾಯಿತು. ಕತ್ತಲಾಗಿ ಒಂದು ಗಂಟೆಯಾದರೂ ಒಂದೂ ಹೊರಗೆ ಬರಲಿಲ್ಲ. ಚೌಕಟ್ಟನ್ನು ಬಂಡೆಗೆ ಸಿಮೆಂಟ್ ತುಂಬಿ ಗ್ರೌಟ್ ಮಾಡಿಸಿದ್ದರಿಂದ ಬಿಚ್ಚುವಂತಿರಲಿಲ್ಲ. (ಗೇಟು ಹಾಕಲೇಬೇಕು ಅನ್ನುವವರು ದಯವಿಟ್ಟು ಬೋಲ್ಟ್ ಬಿಚ್ಚಿ ತೆಗೆಯುವ ಪೈಪು ಹಾಕಿಸಿ.) ಮನೆಗೆ ಹೋಗಿದ್ದ ಅಣ್ಣ ಫೋನ್ ಮಾಡಿದ ಕೂಡಲೇ ಬೈಕ್ ಹತ್ತಿ ಬಂದರು. ಗ್ರೈಂಡರ್ ತಂದಿದ್ದರೂ ಕೈಗೆತ್ತಿಕೊಳ್ಳದೆ, ಗವಿ ಬಾಯಲ್ಲಿ ಒಂದು ಊದುಬತ್ತಿ ಹಚ್ಚಿ ಹೊಗೆ ನೋಡಿದರು. “ಗಾಳಿ ಒಳಕ್ಕೆ ಎಳೀತೈತೆ ಸಾರ್, ಇದು ಬೇಡ” ಅಂದರು. ಮೇಲ್ಗಡೆ ಬಿರುಕಿರುವ ಗವಿಗಳಲ್ಲಿ ಹೊರಗೆ ತಂಪಾದಾಗ ಒಳಗಿನ ಬಿಸಿಗಾಳಿ ಬಿರುಕಿನಿಂದ ಏರುತ್ತದೆ, ಕೆಳಬಾಯಿ ಗಾಳಿ ಎಳೆಯುತ್ತದೆ. ಗ್ರೈಂಡರ್ ಹಚ್ಚಿದ್ದರೆ ಕಿಡಿ, ಸದ್ದಿನ ಜೊತೆಗೆ ಪೈಪಿನ ಮೇಲಿನ ಸತುವಿನ ಲೇಪ ಸುಟ್ಟ ಹೊಗೆಯೂ ನೇರ ಒಳಗೇ.

ಹ್ಯಾಕ್ಸಾದಲ್ಲೇ ಕೊಯ್ದರು. ಇಂಚಿಗೆ 24 ಹಲ್ಲಿನ ಬ್ಲೇಡು, ಕಿರುಗುಟ್ಟದಿರಲು ಇಂಜಿನ್ ಆಯಿಲ್. ಬಾವಲಿ ಸೂರಿಗೆ ಹತ್ತಿರವಾಗಿ ಹೊರಡುವುದರಿಂದ ಮೇಲಿನ ಪೈಪು ಮೊದಲು. ಹತ್ತು ಎಳೆತ, ನಿಲ್ಲಿಸುವುದು. ಗಿರಕಿ ತಣಿದ ಮೇಲೆ ಮತ್ತೆ ಹತ್ತು. ಕೊಯ್ದ ಪೈಪು ಬಂಡೆಗೆ ಬಡಿಯದಂತೆ ಗೋಣಿಚೀಲದಲ್ಲಿ ಹಿಡಿದರು. ಬೆಳಕು ಅಂದರೆ ಕೆಂಪು ಹಾಳೆ ಕಟ್ಟಿದ ಒಂದು ಟಾರ್ಚು. ನಾವೆಲ್ಲ ದೂರ ಕೂತಿದ್ದೆವು. ಐದನೇ ಪೈಪು ಬಂದಾಗ ಬೆಳಗಿನ ಜಾವ. ಆಮೇಲೆ ಬಾವಲಿಗಳು ಅವರ ತಲೆಯ ಮೇಲೇ ಹೊರಟವು.

ಕೊಟ್ಟ ಅಳತೆಗೆ ಅಣ್ಣ ಸರಿಯಾಗಿಯೇ ಮಾಡಿದ್ದರು. ಅಳತೆ ಕೊಟ್ಟವರು ನಾವು, ಅದೂ ಮರಿ ಕಾಲದಲ್ಲಿ. ಬೆಳಿಗ್ಗೆ ನೆಲದಲ್ಲಿ ಬಿದ್ದಿದ್ದ ಮರಿಗಳನ್ನು ನಾವು ಎಣಿಸಲಿಲ್ಲ. ಎಣಿಸುವ ಧೈರ್ಯ ಬರಲಿಲ್ಲ. ಎಣಿಸಬೇಕಿತ್ತು.

ಮರಿಗಳು ಹಾರಲು ಕಲಿತ ಮೇಲೆ ಬೇಲಿ ಕೆಲಸ ಹಿಡಿದೆವು. ಗವಿ ಬಾಯಿಂದ ಹದಿನೈದು ಅಡಿ ಬಿಟ್ಟು ಕಲ್ಲುಕೂಚ, ಆರಡಿ ಜಾಲರಿ, ಮೇಲೆ ಪೂರ್ತಿ ಬಯಲು. ಗುಂಡಿ ತೋಡಿದ್ದು ಹಾರೆಯಲ್ಲಿ, ಮದ್ದು ಸಿಡಿಸಲಿಲ್ಲ. ಮುಳ್ಳುತಂತಿ ಬೇಡವೇ ಬೇಡ: ರೆಕ್ಕೆಯ ತೊಗಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾಗದೆ ಸಾಯುತ್ತವೆ. ಹಾರುವ ದಾರಿಗೆ ಬಾಗಿದ್ದ ಲಂಟಾನ ಮಾತ್ರ ಸವರಿ, ಉಳಿದ ಪೊದೆ ಮುಟ್ಟಲಿಲ್ಲ.

ನಮ್ಮಲ್ಲಿರುವುದು ಸಾಮಾನ್ಯ ಜಾತಿಗಳೇ. ಆದರೆ 1994ರಲ್ಲಿ ಹೊಸ ಜಾತಿಯೆಂದು ಗುರುತಿಸಿದ ಕೋಲಾರದ ಎಲೆಮೂಗಿನ ಬಾವಲಿ ಉಳಿದಿರುವುದು ಇದೇ ಜಿಲ್ಲೆಯ ಹನುಮನಹಳ್ಳಿಯಲ್ಲಿ, 200ಕ್ಕೂ ಕಡಿಮೆ. ಅಲ್ಲಿ ನಮ್ಮಂಥ ತಪ್ಪು ಒಂದು ರಾತ್ರಿ ನಡೆದರೂ ಜಾತಿಯೇ ಮುಗಿದೀತು.

ಅಣ್ಣ, ಆ ರಾತ್ರಿಯ ಕೂಲಿ ಬೇಡ ಅಂದಿರಿ. ಮುರಿದ ಆರು ಬ್ಲೇಡಿನ ದುಡ್ಡನ್ನಾದರೂ ತೆಗೆದುಕೊಳ್ಳಿ.