ಗಣಪತಿಗೆ, ಸೆರೆಂಗೆಟಿ ನೋಡಿ ಬಂದವನಿಂದ

ಪ್ರೀತಿಯ ಗಣಪತಿ,

"ಎಷ್ಟು ಸಿಂಹ ನೋಡಿದೆ?" ಅಂತ ಫೋನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಪತ್ರ. ಎಲ್ಲರೂ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ. ಚಕ್ಕುಲಿ ಡಬ್ಬಿ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಈ ಸೆರೆಂಗೆಟಿ ಇರುವುದು ಆಫ್ರಿಕಾದ ಟಾಂಜಾನಿಯಾದಲ್ಲಿ. ಸಿಂಹ ಬಂಡೆ ಮೇಲೆ ಮಲಗಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಫೆಬ್ರವರಿಯಲ್ಲಿ ಅಲ್ಲಿಗೆ ಹೋಗುವುದು ವೈಲ್ಡ್‌ಬೀಸ್ಟ್ ನೋಡಲಿಕ್ಕೆ ಮಾರಾಯ, ದನದ ಹಾಗೆ ಕಾಣುವ ದೊಡ್ಡ ಹುಲ್ಲೆಗಳು. ದಕ್ಷಿಣದ ಬಯಲಲ್ಲಿ ಅವು ಕರು ಹಾಕುವ ಕಾಲ. ಕಣ್ಣು ಹೋದಷ್ಟು ದೂರ ಅವೇ. ಒಂದು ಕರು ಆಗಷ್ಟೇ ನೆಲಕ್ಕೆ ಬಿದ್ದಿತ್ತು. ಮೈಯಿನ್ನೂ ಒದ್ದೆ. ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ನಾನು ಕ್ಯಾಮೆರಾ ಲೆನ್ಸ್ ಒರೆಸಿ ತಲೆ ಎತ್ತುವಷ್ಟರಲ್ಲಿ ತಾಯಿಯ ಹಿಂದೆ ಓಡುತ್ತಿತ್ತು!

ಆಮೇಲೆ ಮೋರು ಅನ್ನುವ ಕಡೆ ಹೋದೆವು. ಬಯಲ ನಡುವೆ ದೊಡ್ಡ ದೊಡ್ಡ ಬಂಡೆಗುಡ್ಡಗಳು. ಒಂದರ ಅಡಿಯಲ್ಲಿ ಕೆಂಪು, ಬಿಳಿ, ಕಪ್ಪು ಬಣ್ಣದ ಗುರಾಣಿಗಳ ಚಿತ್ರ. ಅಲ್ಲೇ ದನ ಮೇಯಿಸಿಕೊಂಡಿದ್ದ ಮಸಾಯಿ ಬುಡಕಟ್ಟಿನವರು ಬರೆದದ್ದು. 1951ರಲ್ಲಿ ಸೆರೆಂಗೆಟಿ ನ್ಯಾಷನಲ್ ಪಾರ್ಕ್ ಆಯಿತು. 1959ರಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಪಕ್ಕದ ಗೊರೊಂಗೊರೊ ಕಡೆಗೆ ಎಬ್ಬಿಸಿತು. ನಮ್ಮ ಡ್ರೈವರ್ ಕೂಡ ಮಸಾಯಿ. "ನಮ್ಮಜ್ಜ ಇಲ್ಲೇ ದನ ಕಾಯುತ್ತಿದ್ದ" ಅಂದ. ಬಂಡೆಗೆ ಅಂಗೈ ಇಟ್ಟ. ವಾಚ್ ನೋಡಿ, "ಹೊರಡೋಣವಾ?" ಅಂದ.

ಪಾಪ ಅನ್ನಿಸಬೇಕಿತ್ತು ಅಲ್ವಾ? ನನಗೆ ಹೊಟ್ಟೆ ಉರಿಯಿತು ಕಣೋ. ಇವನು ಸಂಬಳಕ್ಕೆ ಬಂದಾದರೂ ಅಜ್ಜನ ಬಂಡೆ ಮುಟ್ಟುತ್ತಾನೆ. ನಮ್ಮಜ್ಜಿಯ ಮನೆ ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. 1964ರಲ್ಲಿ ಡ್ಯಾಮ್ ಮುಗಿಯಿತು. ಆಮೇಲೆ ಸಾಯುವ ತನಕ ಅಜ್ಜಿ ಪ್ರತಿ ಬೇಸಿಗೆ ಕೇಳುತ್ತಿದ್ದಳು, "ಈ ಸಲ ನೀರು ಎಷ್ಟು ಇಳಿದಿದೆ?" ಒಂದು ವರ್ಷ ಮಳೆ ತಪ್ಪಲಿ ಅಂತ ಗುಟ್ಟಾಗಿ ಹರಕೆ ಹೊತ್ತಿದ್ದಳಂತೆ. ಅಡಿಕೆ ತೋಟದವರ ಮನೆಯಲ್ಲಿ! ಇದನ್ನು ನಿನಗೂ ಹೇಳಿರಲಿಲ್ಲ. ಅದೇ ಹಿನ್ನೀರಲ್ಲಿ ದೋಣಿ ಮೇಲೆ ಕೂತು "ಎಂಥಾ ಸೀನರಿ ಮಾರಾಯ" ಅಂತ ನೀನು ಫೋಟೊ ತೆಗೆಯುತ್ತಿದ್ದಾಗಲೂ ಹೇಳಲಿಲ್ಲ. ಹಲ್ಲು ಕಿರಿದು ನಿಂತಿದ್ದೆ.

ಸರಿ ಬಿಡು. ಇದನ್ನು ಅಮ್ಮನೂ ಓದುತ್ತಾಳೆ, ಜಾಸ್ತಿ ಬರೆದರೆ ಸಂಜೆ ಫೋನ್ ಗ್ಯಾರಂಟಿ. ಉಪಯೋಗಕ್ಕೆ ಬರುವ ಒಂದು ಮಾತು ಹೇಳಿ ಮುಗಿಸುತ್ತೇನೆ. ಅಲ್ಲಿ ಟ್ಸೆಟ್ಸೆ ಅಂತ ಒಂದು ನೊಣ ಇದೆ. ಬಟ್ಟೆ ಮೇಲಿಂದಲೇ ಕಚ್ಚುತ್ತದೆ. ನೀಲಿ, ಕಪ್ಪು ಬಣ್ಣ ಕಂಡರೆ ಹುಡುಕಿಕೊಂಡು ಬರುತ್ತದೆ. ಮುಂದಿನ ಸಲ ನೀನೂ ಬಾ. ನಿನ್ನ ಆ ನೀಲಿ ಜರ್ಕಿನ್ ತಪ್ಪದೇ ಹಾಕಿಕೊಂಡು ಬಾ. ನಾವೆಲ್ಲ ಸ್ವಲ್ಪ ದೂರ ಕೂತು ಸೀನರಿ ನೋಡುತ್ತೇವೆ.

ನಿನ್ನ,
ಹಿಂದಿನ ಬೆಂಚಿನವನು