ಗ್ರೀಟಿಂಗ್ ಕಾರ್ಡಿಗೆ ಮೊದಲು ಮಡಿಕೆ, ಆಮೇಲೆ ಮಿನುಗು

ಮಾನ್ಯರೇ,

ಬೇಸಿಗೆ ಶಿಬಿರಗಳಲ್ಲಿ, ಶಾಲೆಯ ಕ್ರಾಫ್ಟ್ ಪೀರಿಯಡ್‌ನಲ್ಲಿ ಮಕ್ಕಳು ಅಪ್ಪ-ಅಮ್ಮನಿಗೆ, ಅಜ್ಜಿಗೆ, ಸೋದರಮಾವನಿಗೆ ಕಾರ್ಡ್ ಮಾಡುತ್ತಾರೆ. ಅಷ್ಟು ಆಸೆಯಿಂದ ಮಾಡಿದ್ದು ಮನೆ ಮುಟ್ಟುವಷ್ಟರಲ್ಲಿ ಬೆನ್ನು ಬಿರಿದು, ಅಂಟಿಸಿದ್ದೆಲ್ಲ ಉದುರಿರುತ್ತದೆ. ತಪ್ಪು ಮಕ್ಕಳದಲ್ಲ. ಕಲಿಸುವವರಾದ ನಾವು ಗ್ಲಿಟರ್‌ನಿಂದ ಶುರು ಮಾಡಿ, ಕಾಗದ ಮತ್ತು ಮಡಿಕೆಯ ಪಾಠವನ್ನೇ ಬಿಡುತ್ತಿದ್ದೇವೆ. ದಾವಣಗೆರೆ, ಚಿತ್ರದುರ್ಗದ ಶಿಕ್ಷಕರು ಮತ್ತು ಪೋಷಕರು ಈ ಕ್ರಮ ಬದಲಿಸಬೇಕೆಂದು ವಿನಂತಿ.

ಚಾರ್ಟ್ ಪೇಪರ್ ತೆಳು, ನಿಲ್ಲಿಸಿದರೆ ಬಾಗುತ್ತದೆ. 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಡ್ರಾಯಿಂಗ್ ಶೀಟ್ ಸಾಕು. ಕಾಗದಕ್ಕೂ ಬಟ್ಟೆಯ ಹಾಗೆ ಎಳೆ ಇರುತ್ತದೆ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ. ಸಲೀಸಾಗಿ ಬಗ್ಗುವ ಕಡೆಗೇ ಮಡಿಕೆ ಬರಬೇಕು. ಎಳೆಗೆ ಅಡ್ಡ ಮಡಚಿದರೆ ಬಿರಿಯುತ್ತದೆ. ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕಿರುವುದರಿಂದ, ಅದನ್ನು ನಡುವೆ ಮಡಚಿದಾಗ ಮಡಿಕೆ ಅಡ್ಡವೇ ಬೀಳುತ್ತದೆ. ಅದಕ್ಕೇ 22×28 ಇಂಚಿನ ಪೂರ್ತಿ ಹಾಳೆ ತಂದು, ಎಳೆ ನೋಡಿ ಕತ್ತರಿಸುವುದು ಲೇಸು. ಒಂದರಲ್ಲಿ ಮೂರೋ ನಾಲ್ಕೋ ಕಾರ್ಡ್ ಆಗುತ್ತವೆ.

ಮಡಚುವ ಮೊದಲು ಸ್ಟೀಲ್ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ ರೀಫಿಲ್‌ನಿಂದ ಎರಡು ಸಲ ಗೀರು ಎಳೆಯಬೇಕು. ಒತ್ತಿ ಎಳೆದರೆ ಕಾಗದ ಸೀಳುತ್ತದೆ. ಗೀರಿನ ತಗ್ಗು ಕಾರ್ಡಿನ ಹೊರಮೈಗೆ, ಉಬ್ಬು ಒಳಕ್ಕೆ ಬರಲಿ. ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ.

ಬರವಣಿಗೆ ಮೊದಲು, ಅಲಂಕಾರ ನಂತರ. ಏನಾದರೂ ಅಂಟಿಸಿದ ಮೇಲೆ ಹಾಳೆ ಉಬ್ಬುತಗ್ಗಾಗಿ ಪೆನ್ನು ಓಡುವುದಿಲ್ಲ. ‘ಹುಟ್ಟುಹಬ್ಬದ ಶುಭಾಶಯ’ ಎಂದು ಬರೆಯುವಾಗ ಒತ್ತಕ್ಷರಗಳಿಗೆ ಜಾಗ ಬಿಡಲೇಬೇಕು. ಅಕ್ಷರ 1 ಸೆಂ.ಮೀ. ಎತ್ತರವಿದ್ದರೆ ಕೆಳಗೆ ಇನ್ನೊಂದು ಸೆಂ.ಮೀ. ಖಾಲಿ ಇರಲಿ. ಇಲ್ಲದಿದ್ದರೆ ಟಕಾರದ ಒತ್ತು, ಬಕಾರದ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ಅಜ್ಜಿಗೆ ಕೊಡುವ ಕಾರ್ಡಿನಲ್ಲಂತೂ ಸಣ್ಣಕ್ಷರ ಬೇಡವೇ ಬೇಡ.

ನೀರಿನಂಶವಿರುವ ಬಿಳಿ ಗೋಂದು ದಪ್ಪಗೆ ಹಚ್ಚಿದರೆ ಕಾಗದ ಸುಕ್ಕಾಗುತ್ತದೆ. ಕಾಗದಕ್ಕೆ ಗ್ಲೂ ಸ್ಟಿಕ್, ಬಟ್ಟೆಗೆ ಡಬಲ್ ಸೈಡ್ ಟೇಪ್ ಬಳಸಿ. ಮನೆಯಲ್ಲಿ ಹಳೇ ಮೊಳಕಾಲ್ಮೂರು ಸೀರೆಯ ಅಂಚಿನ ತುಂಡಿದ್ದರೆ ಅದಕ್ಕಿಂತ ಚೆಂದದ ಅಲಂಕಾರ ಇಲ್ಲ. ಆದರೆ ರೇಷ್ಮೆಗೆ ಗೋಂದು ಹಚ್ಚಿದರೆ ಮೇಲಕ್ಕೆ ಜಿನುಗಿ ಕಪ್ಪು ಕಲೆ ಕೂರುತ್ತದೆ. ಸುತ್ತಲೂ ಅರ್ಧ ಸೆಂ.ಮೀ. ಒಳಕ್ಕೆ ಮಡಚಿ ಟೇಪಿನ ಮೇಲೆ ಒತ್ತಿದರೆ ಎಳೆ ಬಿಡುವುದಿಲ್ಲ, ಜರಿ ಮಾಸುವುದಿಲ್ಲ.

ತೆರೆದಾಗ ಎದ್ದು ನಿಲ್ಲುವ ಕಾರ್ಡ್ ಎಂದರೆ ಮಕ್ಕಳಿಗೆ ಪ್ರಾಣ. ದುರ್ಗದ ಕೋಟೆಯ ಬತೇರಿಯನ್ನೇ (ಕಾವಲು ಬುರುಜು) ನಿಲ್ಲಿಸಬಹುದು. ಮಡಚಿದ ಕಾರ್ಡಿನ ಮಡಿಕೆ ಕಡೆಯಿಂದ 3 ಸೆಂ.ಮೀ. ಉದ್ದದ ಎರಡು ಸೀಳು ಹಾಕಿ, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಮೆಟ್ಟಿಲಿನಂತೆ ಏಳುತ್ತದೆ. ಅದರ ಮುಂಭಾಗಕ್ಕೆ ಬುಡ ಸಮ ಮಾಡಿ ಚಿತ್ರ ಅಂಟಿಸಬೇಕು. ಎ4 ಅಳತೆಯ ಹಾಳೆ ಮಡಚಿದರೆ ಪುಟದ ಅಗಲ 14.8 ಸೆಂ.ಮೀ.; ಅದರಲ್ಲಿ ಸೀಳಿನ 3 ಕಳೆದರೆ 11.8. ಹಾಗಾಗಿ ಚಿತ್ರದ ಎತ್ತರ 11 ಸೆಂ.ಮೀ. ಒಳಗಿರಲಿ, ಇಲ್ಲದಿದ್ದರೆ ಮುಚ್ಚಿದಾಗ ತುದಿ ಹೊರಗೆ ಇಣುಕಬಹುದು. ಸೀಳಿದ ಭಾಗ ಕಾಣದಂತೆ ಹಿಂದೆ ಇನ್ನೊಂದು ಹಾಳೆ ಅಂಟಿಸಿ, ಪಟ್ಟಿಯ ಹಿಂಬದಿಗೆ ಮಾತ್ರ ಗೋಂದು ತಾಗಬಾರದು.

ಪರ ಊರಿನವರಿಗೆ ಅಂಚೆಯಲ್ಲಿ ಕಳಿಸುವುದಾದರೆ ತೂಕ ನೋಡಿ. 250 ಜಿಎಸ್‌ಎಂನ ಎ4 ಅಳತೆಯ ಹಾಳೆಯೇ ಹದಿನಾರು ಗ್ರಾಂ ಹತ್ತಿರ. ಲಕೋಟೆ, ಅಲಂಕಾರ ಸೇರಿದರೆ 20 ಗ್ರಾಂ ದಾಟುತ್ತದೆ. ಆಗ ಹೆಚ್ಚಿನ ಅಂಚೆಚೀಟಿ ಹಚ್ಚದಿದ್ದರೆ, ಕೊರತೆಯ ಎರಡು ಪಟ್ಟು ಹಣವನ್ನು ಕಾರ್ಡ್ ಪಡೆಯುವ ಅಜ್ಜಿಯೇ ತೆರಬೇಕಾಗುತ್ತದೆ.

ಮುಂದಿನ ಶಿಬಿರಕ್ಕೆ ಸಾಮಾನಿನ ಪಟ್ಟಿ ಬರೆಸುವವರು ಗ್ಲಿಟರ್ ಡಬ್ಬಿಯ ಜಾಗದಲ್ಲಿ ಸ್ಟೀಲ್ ಸ್ಕೇಲ್, ಖಾಲಿ ರೀಫಿಲ್ ಬರೆಸಲಿ.

– ಕ್ರಾಫ್ಟ್ ಶಿಕ್ಷಕಿಯರು, ದಾವಣಗೆರೆ